ಮೀಟ್ರು ಮುಳ್ಳು ಏಳ್ದಿದ್ರೆ ಏನಾಗುತ್ತೆ ಅನ್ನೋರಿಗೆ

ಹಳೇ ಕಾರಿನ ಸ್ಪೀಡೋಮೀಟರ್ ಕೆಟ್ರೆ ನಮ್ಮ ಗಂಡಸರು ಅದನ್ನ ರಿಪೇರಿ ಅಂತ್ಲೇ ಲೆಕ್ಕಕ್ಕೆ ತಗೊಳಲ್ಲ ಕಣ್ರೇ. ಬ್ರೇಕು ಸಡಿಲ ಆದ್ರೆ ಅವತ್ತೇ ಗ್ಯಾರೇಜು. ಹಾರನ್ನು ಕೂಗ್ದಿದ್ರೆ ನಿಂತಲ್ಲೇ ಫ್ಯೂಸು ಹುಡುಕ್ತಾರೆ. ಮೀಟ್ರು ಮುಳ್ಳು ಸೊನ್ನೆ ಮ್ಯಾಲೆ ಮಲಗಿದ್ರೆ ಮಾತ್ರ, "ಮೂವತ್ತು ವರ್ಷದಿಂದ ಓಡಿಸ್ತಿದೀನಿ, ಮುಳ್ಳು ನೋಡ್ಕಂಡು ಓಡಿಸ್ಬೇಕಾ?" ಅಂತಾರೆ. ನಮ್ಮನೆಯವ್ರದ್ದೂ ಇದೇ ಮಾತು. ನಾನಂತೂ ಒಪ್ಪಲ್ಲ.

ನೆಲಮಂಗಲದಿಂದ ಎನ್ಎಚ್ 75ರಲ್ಲಿ ಜೋರಾಗಿ ಬಂದು, ಯಡಿಯೂರಿನ ಹತ್ರ ನಮ್ಮ ಡ್ಯಾಮಿನ ಕಡೆ ತಿರುಗ್ತೀವಲ್ಲ, ಆಗ ಕಣ್ಣು ಮೋಸ ಮಾಡುತ್ತೆ. ಅರವತ್ತರಲ್ಲಿ ಹೋಗ್ತಿದ್ರೂ ತೆವಳ್ತಿದೀವಿ ಅನ್ಸುತ್ತೆ. ಆ ರಸ್ತೇಲಿ ದನ ಅಡ್ಡ ಬರ್ತಾವೆ, ಸ್ಕೂಲು ಬಿಟ್ಟ ಮಕ್ಳು ಓಡ್ತಿರ್ತಾವೆ. ಎಷ್ಟು ವರ್ಷ ಓಡಿಸಿದ್ರೂ ಆ ಭ್ರಮೆ ಹೋಗಲ್ಲ, ಅದನ್ನ ಬಿಡ್ಸೋದು ಮುಳ್ಳೇ. ಕೇಂದ್ರ ಮೋಟಾರು ವಾಹನ ನಿಯಮ 1989ರಲ್ಲೂ ಗಾಡಿಗೆ ಸ್ಪೀಡೋಮೀಟರ್ ಇರ್ಲೇಬೇಕು ಅಂತ ಐತೆ.

ಇನ್ನೊಂದು ಸಂಗ್ತಿ. ಹಳೇ ಮಾರುತಿ 800, ಓಮ್ನಿ ಇಂಥವಕ್ಕೆ ಗೇರ್‌ಬಾಕ್ಸಿಂದ ಮೀಟ್ರಿಗೆ ಒಂದು ಕೇಬಲ್ ಬಂದಿರುತ್ತೆ. ಸೈಕಲ್ ಬ್ರೇಕ್ ವೈರಿನ ಥರಾನೇ, ಮ್ಯಾಲೆ ಕೊಳವೆ, ಒಳಗೆ ತಂತಿ. ಆದ್ರೆ ಇದು ಎಳೆಯಲ್ಲ, ಸುತ್ತುತ್ತೆ. ವೇಗದ ಮುಳ್ಳು, ಕಿಲೋಮೀಟರ್ ಎಣಿಸೋ ಅಂಕಿ, ಎರಡೂ ಆ ಒಂದೇ ತಂತೀಲಿ ನಡೀತಾವೆ. ತಂತಿ ತುಂಡಾದ್ರೆ ಅಂಕಿನೂ ನಿಂತೋಯ್ತು. ಆಮೇಲೆ ಆಯಿಲ್ ಯಾವಾಗ ಬದಲಾಯಿಸ್ಬೇಕು, ಟೈಮಿಂಗ್ ಬೆಲ್ಟಿಗೆ ಎಷ್ಟಾಯ್ತು, ಯಾರಿಗ್ ಗೊತ್ತು? "ಕಮ್ಮಿ ಓಡೈತೆ" ಅಂತ ಹಳೇ ಗಾಡಿ ಮಾರೋಕೆ ಬರೋರನ್ನ ಈ ಒಂದು ಕಾರಣಕ್ಕೇ ಪೂರ್ತಿ ನಂಬಬ್ಯಾಡಿ.

ಕೆಟ್ಟಾಗ ಮೆಕ್ಯಾನಿಕ್ಕು ಬಾಯ್ಬಿಡೋ ಮೊದ್ಲ ಮಾತು "ಮೀಟ್ರೇ ಹೋಗೈತೆ, ಹೊಸಾದು ಹಾಕ್ಬೇಕು". ನಮ್ಮ ಗಾಡಿಗೂ ಒಬ್ಬ ಹಂಗೇ ಅಂದಿದ್ದ. ಕೇಬಲ್ ಬಿಚ್ಚಿ ನೋಡು ಅಂದೆ, ಮುಖ ಊದಿಸ್ಕೊಂಡೇ ಬಿಚ್ಚಿದ. ತುಂಡಾಗಿತ್ತು.

ಅದಕ್ಕೇ ದುಡ್ಡು ಕೊಡೋಕೆ ಮುಂಚೆ ನೀವೇ ನೋಡ್ಕಳಿ. ಮುಳ್ಳೂ ಸತ್ತು ಅಂಕಿನೂ ನಿಂತಿದ್ರೆ ಮೊದ್ಲ ಅನುಮಾನ ಕೇಬಲ್ ಮ್ಯಾಲೆ. ಅಂಕಿ ಓಡ್ತಾ ಮುಳ್ಳು ಮಾತ್ರ ಏಳ್ದಿದ್ರೆ ಕೇಬಲ್ ಸರಿಯಾಗೇ ಐತೆ, ಕೆಟ್ಟಿರೋದು ಮೀಟ್ರ ಒಳಗೆ. ಮುಳ್ಳು ದೆವ್ವ ಮೆಟ್ಟಿದಂಗೆ ಕುಣಿದ್ರೆ, ಕಿರ್ ಕಿರ್ ಅಂದ್ರೆ, ತಂತಿ ಒಣಗೈತೆ ಇಲ್ಲಾ ಎಲ್ಲೋ ಮಡಿಚೈತೆ. ಗ್ರೀಸು ಹಾಕಿಸಿ, ಆದ್ರೆ ಮೇಲಿನ ತುದಿಗೆ ಜಾಸ್ತಿ ಬ್ಯಾಡ, ಮೀಟ್ರೊಳಗೆ ಇಳಿಯುತ್ತೆ.

ಮಾರುತಿ 800ರಲ್ಲಿ ಖಾತ್ರಿ ಮಾಡ್ಕೋಬೇಕು ಅಂದ್ರೆ (ಓಮ್ನಿಗೆ ಈ ಪರೀಕ್ಷೆ ನಡೆಯಲ್ಲ) ಮೀಟ್ರ ಹಿಂದಿನ ತುದಿ ಬಿಚ್ಚಿಸಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರು ನ್ಯೂಟ್ರಲ್ಲಲ್ಲಿಟ್ಟು, ಮುಂದಿನ ಒಂದು ಚಕ್ರ ಜಾಕಲ್ಲಿ ಎತ್ತಿ ಕೈಯಲ್ಲಿ ತಿರುಗಿಸ್ಲಿ. ಗಾಡಿ ಅಡಿಗೆ ಯಾರೂ ಹೋಗಬ್ಯಾಡಿ. ಬಿಚ್ಚಿದ ತುದೀಲಿ ತಂತಿ ಸುತ್ತಿದ್ರೆ ತಪ್ಪು ಮೀಟ್ರದ್ದು. ಸುತ್ತದಿದ್ರೆ ತಂತಿ ಹೊರಗೆ ಎಳೆದು ನೋಡಿ. ತಂತಿ ಸಾಬೀತಾಗಿದ್ರೆ ಗೇರ್‌ಬಾಕ್ಸಲ್ಲಿ ಅದನ್ನ ತಿರುಗಿಸೋ ಸಣ್ಣ ಹಲ್ಲಿನ ಚಕ್ರ ಸವೆದಿರುತ್ತೆ. ಮಿಕ್ಸೀಲಿ ಕಪ್ಲರ್ ಸವೆದು, ಮೋಟ್ರು ಗುಯ್ ಅಂತಿದ್ರೂ ಜಾರಿನ ಬ್ಲೇಡು ಸುತ್ತದೇ ಇರುತ್ತಲ್ಲ, ಅದೇ ಕತೆ. ಮಿಕ್ಸಿಗೆ ಕಪ್ಲರ್ ಹಾಕಿಸೋಕೆ ಗೊತ್ತಿರೋ ನಮಗೆ ಇದೇನು ಬ್ರಹ್ಮವಿದ್ಯೆ ಅಲ್ಲ. ಹೊಸ ಗಾಡಿಗಳಲ್ಲಿ ಕೇಬಲ್ ಇಲ್ಲ, ಸೆನ್ಸರ್ರು. ಅದಕ್ಕೆ ಬೇರೆ ಪರೀಕ್ಷೆ.

ಸರಿಯಾದ ಮ್ಯಾಲೆ ಸುಳ್ಳು ಹೇಳ್ತೈತಾ ನೋಡ್ಬೇಕಲ್ಲ. ಹೈವೇಲಿ ಮುಳ್ಳು ಅರವತ್ತರಲ್ಲಿ ನಿಲ್ಲಿಸಿ ಓಡಿಸೋಕೆ ಹೇಳಿ, ಪಕ್ಕ ಕೂತ ನೀವು ಒಂದು ಕಿಲೋಮೀಟರ್ ಕಲ್ಲಿಂದ ಇನ್ನೊಂದಕ್ಕೆ ಮೊಬೈಲಲ್ಲಿ ಸೆಕೆಂಡು ಎಣಿಸಿ. 60 ಸೆಕೆಂಡಾದ್ರೆ ಸರಿ. 72 ಆದ್ರೆ ನಿಜವಾದ ವೇಗ 50. ಮೀಟ್ರು ಒಂಚೂರು ಜಾಸ್ತಿ ತೋರಿಸಿದ್ರೆ ಚಿಂತೆಯಿಲ್ಲ. ಕಮ್ಮಿ ತೋರಿಸಿದ್ರೆ ಟೈರು ನೋಡಿ, ದೊಡ್ಡ ಅಳತೇದು ಹಾಕ್ಸಿದ್ರೂ ಹಂಗಾಗುತ್ತೆ.

ಮೀಟ್ರೇ ಬದಲಾಯಿಸೋ ಹಂಗಾದ್ರೆ, ಹಳೇದು ತೆಗೆಯೋಕೆ ಮುಂಚೆ ಅದರ ಅಂಕಿನೂ ತಾರೀಕೂ ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರಲ್ಲೇ ಬರೆದಿಟ್ಕಳಿ. ನಾನು ಹಂಗೇ ಬರೀತೀನಿ.