ಸೂರು ಒಂದು, ಲೆಕ್ಕ ಬೇರೆ

ತಿಪಟೂರಿನ ಕೃಷಿ ಮಾರುಕಟ್ಟೆಯ ಪ್ರಾಂಗಣವನ್ನು ಬಲ್ಲವರಿಗೆ ಒಂದು ಸಂಗತಿಯನ್ನು ಹೇಳಿಕೊಡಬೇಕಾಗಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿಯೂ ಅಲ್ಲಿ ಒಂದೇ ಸೂರಿನ ಕೆಳಗೆ ಬಂದಿಳಿಯುತ್ತದೆ. ಆದರೂ ಒಬ್ಬ ಬೆಳೆಗಾರನ ರಾಶಿ ಮತ್ತೊಬ್ಬನ ರಾಶಿಯೊಡನೆ ಬೆರೆಯುವುದಿಲ್ಲ. ಪ್ರತಿಯೊಂದು ಲಾಟಿಗೂ ಅದರದೇ ಸಂಖ್ಯೆ, ಅದರದೇ ಒಡೆಯ. ಮನೆಯ ಗಣಕಯಂತ್ರಕ್ಕೆ ಬಂದು ಸೇರುವ ಇ-ಮೇಲ್ ಪತ್ರಗಳಿಗೂ ಇದೇ ನ್ಯಾಯ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಇಂದು ನಮ್ಮ ಅನೇಕ ಮನೆಗಳಲ್ಲಿ ಯಜಮಾನರ ಸ್ವಂತ ವಿಳಾಸವೊಂದು, ಕೊಬ್ಬರಿ ಮಂಡಿಯದೊಂದು, ಅವರು ಕಾರ್ಯದರ್ಶಿಯಾಗಿರುವ ವಿದ್ಯಾರ್ಥಿನಿಲಯದ್ದೊಂದು, ಹೀಗೆ ಮೂರು ನಾಲ್ಕು ಇ-ಮೇಲ್ ವಿಳಾಸಗಳಿರುವುದುಂಟು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ಬೇಸರಕ್ಕೆ ಕೆಲವನ್ನು ವಾರಗಟ್ಟಲೆ ನೋಡದೆ ಬಿಡುತ್ತಾರೆ. ನಿಲಯದಲ್ಲಿ ಸ್ಥಳ ಕೋರಿ ಬಡ ವಿದ್ಯಾರ್ಥಿಯೊಬ್ಬನು ಬರೆದ ಪತ್ರ ಕಾಲೇಜು ಆರಂಭವಾದ ಮೇಲೆ ಕಣ್ಣಿಗೆ ಬಿದ್ದರೆ ಪ್ರಯೋಜನವೇನು?

ಇದಕ್ಕೆ ಪರಿಹಾರವಾಗಿ ಎಲ್ಲ ವಿಳಾಸಗಳನ್ನೂ ಒಂದೇ ಕಿಟಕಿಯಲ್ಲಿ ತೋರಿಸುವ ತಂತ್ರಾಂಶಗಳಿವೆ. ಮೊಜಿಲ್ಲಾದ ಥಂಡರ್‌ಬರ್ಡ್ ಅವುಗಳಲ್ಲೊಂದು. ಅದರ ಮೊದಲನೆಯ ಆವೃತ್ತಿ 2004ರ ಡಿಸೆಂಬರಿನಲ್ಲಿ ಹೊರಬಂದಿತು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಪ್ರತಿ ಖಾತೆಯನ್ನೂ ಒಮ್ಮೆ ಸೇರಿಸಿದರೆ ಸಾಕು. ಎಡಬದಿಯಲ್ಲಿ ಒಂದರ ಕೆಳಗೊಂದು ನಿಂತು, ತಮ್ಮ ತಮ್ಮ ಒಳಬರುವ ಪೆಟ್ಟಿಗೆಯನ್ನು ಪ್ರತ್ಯೇಕವಾಗಿಯೇ ಉಳಿಸಿಕೊಳ್ಳುತ್ತವೆ. ಎಲ್ಲ ಪೆಟ್ಟಿಗೆಗಳನ್ನು ಒಟ್ಟಾಗಿ ನೋಡುವ ಏರ್ಪಾಡೂ ಉಂಟು. ‘ಮಂಡಿ’, ‘ನಿಲಯ’, ‘ಸ್ವಂತ’ ಎಂದು ಖಾತೆಗಳಿಗೆ ಸ್ಪಷ್ಟ ಹೆಸರಿಡುವುದು ಒಳ್ಳೆಯದು.

ಖಾತೆ ಸೇರಿಸುವಾಗ ಪಾಪ್, ಐಮ್ಯಾಪ್ ಎಂಬ ಎರಡು ಮಾರ್ಗಗಳು ಎದುರಾಗುತ್ತವೆ. ಪಾಪ್ ಮಾರ್ಗದಲ್ಲಿ ಪತ್ರ ನಮ್ಮ ಯಂತ್ರಕ್ಕೆ ಇಳಿಯುತ್ತದೆ. ಹೊಂದಿಕೆಗೆ ತಕ್ಕಂತೆ ಮೂಲ ಭಂಡಾರದಿಂದ ಅಳಿಸಿಯೂ ಹೋಗಬಹುದು. ಆಗ ಆ ಯಂತ್ರ ಕೆಟ್ಟರೆ ಪತ್ರವೂ ಹೋಯಿತು. 1986ರಲ್ಲಿ ಅಮೆರಿಕದ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್ ಮಾರ್ಗದಲ್ಲಿ ಪತ್ರಗಳು ಭಂಡಾರದಲ್ಲಿಯೇ ಇದ್ದು, ಮನೆಯ ಯಂತ್ರದಲ್ಲಿಯೂ ಕೈಯ ಮೊಬೈಲಿನಲ್ಲಿಯೂ ಒಂದೇ ರೀತಿ ಕಾಣುತ್ತವೆ. ಹಲವರು ನೋಡಬೇಕಾದ ಸಂಸ್ಥೆಯ ಖಾತೆಗೆ ಇದೇ ಯೋಗ್ಯ. ಆದರೆ ಒಂದೆಡೆ ಅಳಿಸಿದ್ದು ಎಲ್ಲೆಡೆಯೂ ಅಳಿಯುತ್ತದೆ. ಆದುದರಿಂದ ಮುಖ್ಯ ಪತ್ರಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಡತಕ್ಕದ್ದು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ಉತ್ತರ ಬರೆಯುವಾಗ. ಬಂದ ಪತ್ರಕ್ಕೆ ಉತ್ತರಿಸಿದರೆ ತಂತ್ರಾಂಶವು ಸಾಮಾನ್ಯವಾಗಿ ಅದು ಬಂದ ವಿಳಾಸವನ್ನೇ ಹಿಡಿಯುತ್ತದೆ. ಹೊಸ ಪತ್ರವಾದರೆ, ಆಗ ತೆರೆದಿರುವ ಖಾತೆಯೋ ಮುಖ್ಯವೆಂದು ಗುರುತಿಸಿದ ಖಾತೆಯೋ ಮೇಲೆ ಬಂದು ಕುಳಿತಿರುತ್ತದೆ. ಕಳುಹಿಸುವ ಮುನ್ನ ‘ಇಂದ’ ಎಂಬ ಸಾಲನ್ನು ಒಮ್ಮೆ ಓದುವುದು ರೂಢಿಯಾಗಬೇಕು. ಪ್ರತಿ ಖಾತೆಗೂ ಬೇರೆ ಸಹಿಸಾಲನ್ನು ಬರೆದಿಡಬಹುದು. ನಿಲಯದ ಪತ್ರದ ಕೊನೆಯಲ್ಲಿ ನಿಲಯದ ಹೆಸರೇ ಇರಲಿ. ದಾನಿಗಳಿಗೆ ಬರೆದ ಪತ್ರ ಮಂಡಿಯ ವಿಳಾಸದಿಂದ ಹೋದರೆ ಅದರ ಉತ್ತರವೂ ಮಂಡಿಗೇ ಬರುತ್ತದೆ. ದಾನದ ವಿಷಯ ವ್ಯಾಪಾರದ ಕಡತದಲ್ಲಿ ಸೇರಿತೆಂದರೆ, ಮನಸ್ಸು ಶುದ್ಧವಾಗಿದ್ದರೂ ನಾಲ್ವರ ಸಂಶಯಕ್ಕೆ ಎಡೆಯಾಗುತ್ತದೆ.

ಪದಾಧಿಕಾರಿಗಳು ಬದಲಾಗುತ್ತಾರೆ, ಸಂಸ್ಥೆ ಉಳಿಯುತ್ತದೆ. ಅಧಿಕಾರ ವಹಿಸಿಕೊಡುವ ದಿನ ಲೆಕ್ಕಪುಸ್ತಕ, ಬೀಗದ ಕೈಗಳೊಡನೆ ಇ-ಮೇಲ್ ಖಾತೆಯನ್ನೂ ವಹಿಸಿಕೊಡುವುದು ಧರ್ಮ. ಮೊದಲು, ಹಳೆಯ ಪತ್ರಗಳೆಲ್ಲ ಭಂಡಾರದಲ್ಲಿವೆಯೇ ಎಂದು ನೋಡಬೇಕು. ಬಳಿಕ ಗುಪ್ತಪದವನ್ನೂ, ಅದು ಮರೆತಾಗ ಬಳಸುವ ಮೊಬೈಲ್ ಸಂಖ್ಯೆಯನ್ನೂ ಹೊಸಬರು ಬದಲಿಸಿಕೊಳ್ಳಬೇಕು. ಕೊನೆಗೆ ನಿರ್ಗಮಿಸುವವರು ತಮ್ಮ ಯಂತ್ರದಿಂದ ಆ ಖಾತೆಯನ್ನು ತೆಗೆಯಬೇಕು. ಐಮ್ಯಾಪ್ ಖಾತೆಯನ್ನು ಹೀಗೆ ತೆಗೆದರೆ ಭಂಡಾರದಲ್ಲಿರುವ ಪತ್ರಗಳಿಗೆ ಬಾಧೆಯಿಲ್ಲ.

ಸಮಾಜದ ಹಣವನ್ನು ಸ್ವಂತ ಜೇಬಿನಲ್ಲಿ ಬೆರೆಸಬಾರದೆಂಬುದನ್ನು ನಮ್ಮ ಹಿರಿಯರು ಕಲಿಸಿದ್ದಾರೆ. ಸಮಾಜದ ಪತ್ರವೂ ಅಂಥದೇ ಒಂದು ಒಡವೆ. ಈ ಭಾನುವಾರ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೆರಡು ಗಂಟೆ ಇದಕ್ಕೆ ಮೀಸಲಿಟ್ಟರೆ, ಯಾವ ಪತ್ರ ಯಾರದೆಂಬುದು ಮುಂದೆ ಬರುವವರಿಗೆ ಸ್ಪಷ್ಟವಾಗಿರುತ್ತದೆ.