ಹಬ್ಬದ ಲೆಕ್ಕ ಮೊಬೈಲಿನಲ್ಲೇ ಏಕೆ?

ಈದ್ ರಜೆಯಲ್ಲಿ ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ನೋಡಿ. ಅಮ್ಮಿ ಶೀರ್ ಖುರ್ಮಾಕ್ಕೆ ಹಾಲು ಕಾಯಿಸುತ್ತಿದ್ದಾರೆ, ಅಬ್ಬಾ ಬಸವಕಲ್ಯಾಣದ ಪೇಟೆಗೆ ಹೋಗಿದ್ದಾರೆ, ಮೂರನೇ ತರಗತಿಯ ಮಗ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದಾನೆ. ಗದರಿಸಿದರೆ, "ಗೇಮ್ ಅಲ್ಲ ಅಮ್ಮಿ, ಗಣಿತ" ಎನ್ನುತ್ತಾನೆ. ಅದು ಸುಳ್ಳೂ ಅಲ್ಲ. ಹಬ್ಬದ ಚಿತ್ರ ತೋರಿಸಿ ಕೂಡುವ, ಕಳೆಯುವ ಲೆಕ್ಕ ಮಾಡಿಸುವ ಆಟಗಳು ಈಗ ಬೇಕಾದಷ್ಟಿವೆ. ಅವುಗಳಲ್ಲಿ ಹಲವು ಹೊರದೇಶದ ಕ್ರಿಸ್ಮಸ್ ರಜೆಗೆಂದು ಮಾಡಿದವು. ಹಾಗಾಗಿ ಗೋರ್ಟಾದ ಬಿಸಿಲಲ್ಲಿ ಕೂತ ನಮ್ಮ ಮಗು ಹಿಮದ ಗೊಂಬೆಗಳನ್ನು ಎಣಿಸುತ್ತಿರುತ್ತದೆ!

ಅಭ್ಯಾಸವೇ ಬೇಡ ಎಂದು ನಾನು ಹೇಳುವುದಿಲ್ಲ. 2024ರ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ 100 ಮಕ್ಕಳಲ್ಲಿ ಭಾಗಾಕಾರ ಬರುವುದು ಸುಮಾರು 31 ಮಕ್ಕಳಿಗೆ ಮಾತ್ರ. ರಜೆಯಲ್ಲಿ ಪುಸ್ತಕ ಮುಚ್ಚಿಟ್ಟರೆ ಬಂದದ್ದೂ ಮರೆಯುತ್ತದೆ. ಅಕ್ಷರ ಫೌಂಡೇಶನ್ನಿನ 'ಬಿಲ್ಡಿಂಗ್ ಬ್ಲಾಕ್ಸ್' ಆಪ್ ಉಚಿತವಾಗಿದೆ, ಕನ್ನಡದಲ್ಲೂ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ದೀಕ್ಷಾದ ಪಾಠ ತೆರೆಯುತ್ತದೆ. ಹಿಮದ ಗೊಂಬೆಗಿಂತ ಇವು ಮೇಲು.

ನನ್ನ ತಕರಾರು ಹೊತ್ತಿನ ಬಗ್ಗೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗಲೇ ಕೇಂದ್ರ ಶಿಕ್ಷಣ ಇಲಾಖೆಯ 'ಪ್ರಜ್ಞಾತಾ' ಮಾರ್ಗಸೂಚಿ 1ರಿಂದ 8ನೇ ತರಗತಿಗೆ ಆನ್‌ಲೈನ್ ಪಾಠ ದಿನಕ್ಕೆ 30–45 ನಿಮಿಷದ ಎರಡು ಅವಧಿ ಮೀರಬಾರದು ಎಂದಿತ್ತು. ಶಾಲೆಗೇ ಅಷ್ಟು ಮಿತಿ ಇದ್ದಾಗ ರಜೆಯ ಲೆಕ್ಕಕ್ಕೆ 20 ನಿಮಿಷ ಸಾಲದೇ? ಪರದೆ ನೋಡುವಾಗ ಮಗು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಹತ್ತಿರದ ನೋಟವೇ ಹೆಚ್ಚಾಗಿ, ಹೊರಗಿನ ಬೆಳಕಿನಲ್ಲಿ ಆಟ ಕಡಿಮೆಯಾದರೆ ದೂರದೃಷ್ಟಿ ಮಂದವಾಗುವ ಅಪಾಯವೂ ಹೆಚ್ಚು. ಮೊಬೈಲ್ ಕಣ್ಣಿನಿಂದ ಸುಮಾರು ಒಂದು ಮೊಳ ದೂರ ಇರಲಿ, ಮಲಗಿಕೊಂಡು ನೋಡುವುದು ಬೇಡ. ನಡುನಡುವೆ ಮಗು ತಲೆಯೆತ್ತಿ ಅಂಗಳದಾಚೆಯ ಬೇವಿನ ಮರ ನೋಡಲಿ. ರಮಝಾನಿನಲ್ಲಂತೂ ದೊಡ್ಡವರು ತರಾವೀಹ್‌ಗೆ ಹೋದಾಗ ಮಕ್ಕಳ ಕೈಗೆ ಮೊಬೈಲ್ ಕೊಟ್ಟುಬಿಡುತ್ತೇವೆ. ಆ ಹೊತ್ತಿನ ಪರದೆ ಅವರ ನಿದ್ದೆ ಕೆಡಿಸುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಗಮನಿಸುವುದಿಲ್ಲ. ಹಬ್ಬದ ದಿನ ಒಂದೇ ಮೊಬೈಲ್ ಹತ್ತು ಕೈ ಸುತ್ತುತ್ತದೆ, ಅದೇ ಕೈ ತಟ್ಟೆಗೂ ಹೋಗುತ್ತದೆ. ವುಝೂ ಮಾಡಿ ಬಂದವರೂ ಆ ಜಿಡ್ಡು ಪರದೆಯನ್ನೇ ಮುಟ್ಟುತ್ತೇವೆ. ಮೊಬೈಲ್ ಆಫ್ ಮಾಡಿ, ಮೆತ್ತನೆ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ ದಿನಕ್ಕೊಮ್ಮೆ ಒರೆಸಿ. ಊಟಕ್ಕೆ ಮುಂಚೆ ಮಗು ಸೋಪಿನಿಂದ ಕೈ ತೊಳೆಯಲಿ.

ನಿಜ ಹೇಳಬೇಕೆಂದರೆ ನಮ್ಮ ಹಬ್ಬಗಳಲ್ಲಿರುವಷ್ಟು ಲೆಕ್ಕ ಯಾವ ಆಪಿನಲ್ಲೂ ಇಲ್ಲ. ಒಂದು ಲೀಟರ್ ಹಾಲಿಗೆ ಎಂಟು ಬಟ್ಟಲು ಖುರ್ಮಾ ಆದರೆ 24 ಮಂದಿಗೆ ಎಷ್ಟು ಹಾಲು? ದಾದಿ, ಚಾಚಾ, ಫುಫ್ಫು ಕೊಟ್ಟ ಈದಿ ಕೂಡಿದರೆ ಎಷ್ಟಾಯಿತು? ಮನೆಯ ಏಳು ಮಂದಿಯ ಫಿತ್ರಾ ಗುಣಾಕಾರ. ಬಕ್ರೀದಿನ 18 ಕಿಲೋ ಮಾಂಸವನ್ನು ಮನೆಗೆ, ನೆಂಟರಿಗೆ, ಬಡವರಿಗೆ ಮೂರು ಪಾಲು ಮಾಡಿಸಿ, ಅದು ಭಾಗಾಕಾರ. ಐದನೆಯವಳಿಗೆ ಝಕಾತ್ ಕೇಳಿ: 40,000 ರೂಪಾಯಿಗೆ ನಲವತ್ತರಲ್ಲೊಂದು ಪಾಲು ಎಷ್ಟು? ಚಾಂದ್ರಮಾನ ವರ್ಷ ಸುಮಾರು 354 ದಿನ, ಕ್ಯಾಲೆಂಡರಿನದು 365. ಹಾಗಾದರೆ ಈದ್ ಪ್ರತಿ ವರ್ಷ ಎಷ್ಟು ದಿನ ಮುಂಚೆ ಬರುತ್ತದೆ? ಚಂದ್ರ ನೋಡಲು ಮಾಳಿಗೆ ಹತ್ತಿದಾಗ ಕೇಳಿ. ದೂರ ನೋಡುವ ಕಣ್ಣಿಗೂ ಅದು ಒಳ್ಳೆಯದು.

ಹಾಗೆ ನೋಡುವಾಗ ಮಗು ಕಣ್ಣು ಕಿರಿದು ಮಾಡುತ್ತಿದ್ದರೆ, ಶಾಲೆಯ ಹಲಗೆ ಮಸುಕು ಎನ್ನುತ್ತಿದ್ದರೆ, ಪದೇಪದೇ ತಲೆನೋವು ಎಂದರೆ ಸುಮ್ಮನಿರಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ಬಂದಾಗ ಹೇಳಲು ಶಿಕ್ಷಕರಿಗೆ ತಿಳಿಸಿಡಿ. ಅಷ್ಟು ದಿನ ಕಾಯಲಾಗದಿದ್ದರೆ ಬಸವಕಲ್ಯಾಣ ಅಥವಾ ಹುಮನಾಬಾದ್ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ.