ಮನೆಯ ರಸಾಯನ: ಮಾಸ್ಕಿನ ಜಿಡ್ಡು

ಬರ್ಕ್ಲಿಯ ನಮ್ಮ ಬಂಧುಗಳ ಮನೆಗಳಲ್ಲಿ ಹಾಸಿಗೆಯ ಪಕ್ಕ ಸಿ-ಪ್ಯಾಪ್ ಯಂತ್ರ ಈಗ ಅಪರೂಪವಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವವರ ಗಂಟಲನ್ನು ಗಾಳಿಯ ಒತ್ತಡದಿಂದ ತೆರೆದಿಡುವ ಈ ಉಪಾಯವನ್ನು ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು.

ಗಾಳಿ ಸೋರಿದರೆ ಅನೇಕರು ತಲೆಪಟ್ಟಿ ಬಿಗಿಯುತ್ತಾರೆ. ಮೂಗು ಹುಣ್ಣಾಗುತ್ತದೆ, ಯಂತ್ರ ಕಪಾಟು ಸೇರುತ್ತದೆ, ರಾತ್ರಿಯಲ್ಲಿ ಮತ್ತೆ ಉಸಿರು ಕಟ್ಟುತ್ತದೆ. ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಮುಖಕ್ಕೆ ತಾಗುವ ಸಿಲಿಕೋನ್ ಮೆತ್ತೆ. ಸಿಲಿಕೋನ್ ನೀರಿಗೆ ಜಗ್ಗದು, ಎಣ್ಣೆಯನ್ನು ಮಾತ್ರ ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವ ನಮ್ಮವರ ಪಾಡು ಕೇಳಬೇಕೆ! (ಎಣ್ಣೆ ಬಿಡಿ ಎಂದು ಅಮ್ಮನಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.)

ದಿನಾ ಬೆಳಿಗ್ಗೆ ಉಗುರುಬೆಚ್ಚನೆಯ ನೀರು, ಸೌಮ್ಯ ಸೋಪು ಸಾಕು, ನೆರಳಲ್ಲಿ ಒಣಗಿಸಿ. ಬ್ಲೀಚು, ಸ್ಪಿರಿಟ್ಟು ಬೇಡ. ಓಝೋನ್ ಪೆಟ್ಟಿಗೆಗಳ ಬಗ್ಗೆ ಎಫ್‌ಡಿಎ 2020ರಲ್ಲೇ ಎಚ್ಚರಿಸಿದೆ.

ಮೆಡಿಕೇರ್ ಲೆಕ್ಕದಲ್ಲಿ ಮೂಗಿನ ಮೆತ್ತೆ ತಿಂಗಳಿಗೆ 2, ಮೂಗು-ಬಾಯಿ ಎರಡನ್ನೂ ಮುಚ್ಚುವುದು 1. ಕೊಳವೆ 3 ತಿಂಗಳಿಗೆ, ತಲೆಪಟ್ಟಿ 6 ತಿಂಗಳಿಗೆ ಒಂದೊಂದು. ಅದು ವಿಮೆಯ ಮಿತಿ. ತೊಳೆದ ಮೇಲೂ ಜಿಡ್ಡು ಹೋಗದಿದ್ದರೆ, ಅಂಚು ಹರಿದಿದ್ದರೆ ಬದಲಿಸಿ.

ಊರಿಂದ ಹಿರಿಯರು ಬಂದಾಗ ಇನ್ನೊಂದು ಗಮನಿಸಿ: ಅಯಸ್ಕಾಂತದ ಕೊಂಡಿಯ ಮಾಸ್ಕು ಪೇಸ್‌ಮೇಕರ್ ಇರುವವರಿಗೂ ಅವರ ಪಕ್ಕ ಮಲಗುವವರಿಗೂ ಬೇಡ.